ನೀಲಿ ಅಣಬೆ ಉದುರಿಸಿದ ಪುಡಿ

ಬೆಳಿಗ್ಗೆ ಕಿಟಕಿಯ ಕಟ್ಟೆ ಒರೆಸುವಾಗ ಬೋರಲು ಹಾಕಿದ ಬಟ್ಟಲೊಂದು ಕಂಡಿತು. ಎತ್ತಿ ನೋಡಿದರೆ ಗಾಜಿನ ತುಂಡಿನ ಮೇಲೆ ಬಣ್ಣಗೆಟ್ಟು ಮುದುಡಿದ ಏನೋ ಒಂದು ಚೂರು, ಅದರಡಿ ಒಂದಿಷ್ಟು ಧೂಳು. ಚೂರನ್ನು ಕಸದ ಬುಟ್ಟಿಗೆ ಹಾಕಿದೆ, ಗಾಜನ್ನು ಫಳಫಳ ಒರೆಸಿದೆ, ಬಟ್ಟಲು ತೊಳೆದಿಟ್ಟೆ. ಕಸದ ಗಾಡಿ ಬಂದು ಹೋಯಿತು. ಆಮೇಲೆ ಹೊಲಿಗೆಗೆ ಕೂತೆ.

ಮಧ್ಯಾಹ್ನ ಶಾಲೆಯಿಂದ ಬಂದ ಮಗಳು ಚೀಲವನ್ನೂ ಇಳಿಸದೆ ಕಿಟಕಿಯ ಹತ್ತಿರ ಹೋದಳು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳೆಂದು ಅವಳಿಗೆ ಮನೆಯಲ್ಲಿ ಗುಂಡಿ ಎಂದೇ ಹೆಸರು. ಈಗ ಹತ್ತು ತುಂಬಿದೆ.

"ಅಮ್ಮಾ, ಇಲ್ಲಿದ್ದ ನನ್ನ ಅಣಬೆ?"

ಯಂತ್ರದ ಮೇಲಿದ್ದ ನನ್ನ ಕಾಲು ನಿಂತುಹೋಯಿತು.

ಆ ಅಣಬೆಗಾಗಿ ನಿನ್ನೆ ಒಂದು ಗಂಟೆ ನಾನೂ ಅವಳ ಜೊತೆ ಬಗ್ಗಿ ನಿಂತಿದ್ದೆ. ನೀರಿನ ಟ್ಯಾಂಕಿನ ಹಿಂದಿನ ಮರಗಳಡಿ, ಕೊಳೆತ ಎಲೆಗಳ ನಡುವೆ, ಹೆಬ್ಬೆರಳೆತ್ತರ ಎದ್ದು ನಿಂತಿತ್ತು. ಕಾಲಿನಿಂದ ಕೊಡೆಯವರೆಗೆ ಬರೀ ನೀಲಿ. ಗುಂಡಿ ತನ್ನ ಸೋದರತ್ತೆ ಕೊಟ್ಟ ಹಳೆಯ ಕ್ಯಾಮೆರಾ ಹಿಡಿದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಳು. ನಾನು ಬಿಸಿಲಿಗೆ ಅಡ್ಡವಾಗಿ ಬಿಳಿ ಅಸ್ತರಿನ ಬಟ್ಟೆ ಹಿಡಿದೆ. ನನ್ನ ಪುಟ್ಟ ಕನ್ನಡಿಯನ್ನು ಅಣಬೆಯ ಕೆಳಗಿಟ್ಟು ಅದರಲ್ಲಿ ಕಂಡ ಚಿತ್ರವನ್ನೂ ತೆಗೆದಳು. ಕೊಡೆಯಡಿ ನೆರಿಗೆ ನೆರಿಗೆ. ನಾನು ಇಷ್ಟು ವರ್ಷ ಲಂಗ ಹೊಲಿದಿದ್ದೇನೆ, ಅಷ್ಟು ಒಪ್ಪವಾದ ನೆರಿಗೆ ಒಮ್ಮೆಯೂ ಬಂದಿಲ್ಲ. ಆಮೇಲೆ ಅಣಬೆಯನ್ನು ಕಿತ್ತು ಡಬ್ಬಿಯಲ್ಲಿ ತಂದಿದ್ದು ಗೊತ್ತಿತ್ತು. ನಾನು ಅಡುಗೆಮನೆಯಲ್ಲಿದ್ದಾಗ ಕೊಡೆಯನ್ನು ಕೊಯ್ದು, ರಾತ್ರಿಯಿಡೀ ಪುಡಿ ಉದುರಲೆಂದು ಗಾಜಿನ ಮೇಲೆ ಬಟ್ಟಲಡಿ ಇಟ್ಟಿದ್ದು ಗೊತ್ತಿರಲಿಲ್ಲ.

ಸೋದರತ್ತೆ ಎಂದರೆ ನನ್ನ ನಾದಿನಿ. ಊರಿನ ವಸ್ತುಸಂಗ್ರಹಾಲಯದಲ್ಲಿ ಒಣಗಿಸಿದ ಅಣಬೆಗಳ ಕಪಾಟು ನೋಡಿಕೊಳ್ಳುತ್ತಾಳೆ. ಅಲ್ಲಿ ಮಕ್ಕಳು ತೆಗೆದ ಫೋಟೋಗಳಿಗೊಂದು ಗೋಡೆ ನಾಳೆ ತೆರೆಯುವುದಿತ್ತು. ಆದರೆ ಹೆಸರು ಗೊತ್ತಿಲ್ಲದ ಅಣಬೆಗೆ ಗೋಡೆಯಲ್ಲಿ ಜಾಗವಿಲ್ಲ. ಫೋಟೋ ನೋಡಿ ಅವಳು ಫೋನಿನಲ್ಲೇ ಹೇಳಿದ್ದಳು: "ಚೆನ್ನಾಗಿದೆ ಅಂತ ಹೆಸರು ಕೊಡೋಕಾಗಲ್ಲ ಗುಂಡಿ. ನೀಲಿ ಅಣಬೆ ಒಂದೇ ಥರದ್ದಲ್ಲ. ಕೆಲವು ಬಿಳಿ ಪುಡಿ ಉದುರಿಸ್ತವೆ, ಕೆಲವು ಗುಲಾಬಿ. ಪುಡಿ ತೋರಿಸು, ನಾಳೆ ಸಂಜೆ ಬರ್ತೀನಿ."

ನಾನು ಒರೆಸಿದ್ದು ಅದನ್ನೇ.

"ಧೂಳು ಅಂದ್ಕೊಂಡೆ ಕಣೇ..." ಎಂದೆ.

ಅವಳು ಅಳಲಿಲ್ಲ. ಹೊಳೆಯುವ ಗಾಜನ್ನು ಬೆಳಕಿಗೆ ಹಿಡಿದು ಈ ಕಡೆ ಆ ಕಡೆ ನೋಡಿ, "ಪರವಾಗಿಲ್ಲ ಬಿಡಮ್ಮ" ಎಂದಳು. ಅತ್ತಿದ್ದರೇ ಚೆನ್ನಾಗಿತ್ತು. ಇಬ್ಬರೂ ಓಡಿದೆವು ಟ್ಯಾಂಕಿನ ಹಿಂದೆ. ಎಲೆ ಎಲೆ ಸರಿಸಿ ಹುಡುಕಿದರೂ ಇನ್ನೊಂದು ಸಿಗಲಿಲ್ಲ.

ವಾಪಸು ಬಂದಾಗ ನಾದಿನಿ ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿ ಗುಂಡಿ, ಪುಡಿ?"

"ಗಾಜು ನನ್ನ ಕೈಯಿಂದ ಬಿದ್ದುಹೋಯ್ತು ಅತ್ತೆ," ಎಂದಳು ಗುಂಡಿ, ತಲೆ ತಗ್ಗಿಸಿ.

ನಾನು ಮುಂದೆ ಬಂದೆ. "ಅವಳಲ್ಲ, ನಾನು. ಒರೆಸಿಬಿಟ್ಟೆ."

ನಾದಿನಿ ಸೊಂಟದ ಮೇಲೆ ಕೈಯಿಟ್ಟಳು. "ಅತ್ತಿಗೆ, ನಮ್ಮಣ್ಣ ಎರಡು ನಿಮಿಷ ಅಲ್ಲಾಡದೆ ಕೂತ್ರೂ ಒರೆಸಿಬಿಡ್ತೀರಲ್ಲ ನೀವು!" ಆಮೇಲೆ ಕೇಳಿದಳು, "ಯಾತರಲ್ಲಿ ಒರೆಸಿದ್ರಿ?"

ಬಚ್ಚಲಿಗೆ ಓಡಿದೆ. ಹೊಲಿಗೆಯ ಅವಸರದಲ್ಲಿ ಬಕೆಟ್ಟಿಗೆ ಒರೆಸಿದ ಬಟ್ಟೆ ಹಾಕಿದ್ದೆನೇ ಹೊರತು ನೀರು ಬಿಟ್ಟಿರಲಿಲ್ಲ. ಹಳೆಯ ದಿಂಬಿನ ಚೀಲದ ಆ ಚೌಕವನ್ನು ಬಿಡಿಸಿದರೆ ಒಂದು ಕಡೆ ಬೆರಳಗಲ ಗುಲಾಬಿ ಗೆರೆ.

ಗುಂಡಿ ಕುಣಿಯುವ ಮೊದಲೇ ನಾನು ಹೇಳಿಬಿಟ್ಟೆ. "ಇದೇ ಬಟ್ಟೇಲಿ ಹೊಲಿಗೆ ಮೇಜೂ ಒರೆಸಿದೀನಿ. ನಾನು ಗುರುತು ಹಾಕೋ ಸೀಮೆಸುಣ್ಣವೂ ಗುಲಾಬೀನೇ."

"ಇನ್ನೂ ಏನೇನು ಬಾಕಿ ಇಟ್ಟಿದೀರಿ ಅತ್ತಿಗೆ?" ಎನ್ನುತ್ತ ನಾದಿನಿ ನನ್ನ ಕತ್ತರಿಯಿಂದಲೇ ಆ ಗೆರೆಯಿದ್ದ ತುಂಡನ್ನು ಕತ್ತರಿಸಿ ಲಕೋಟೆಗೆ ಹಾಕಿಕೊಂಡಳು. "ಸೂಕ್ಷ್ಮದರ್ಶಕದಲ್ಲಿ ನೋಡ್ತೀನಿ. ಗುಲಾಬಿ ಪುಡಿಯ ಈ ಜಾತಿಯಾದ್ರೆ ಒಂದೊಂದು ಕಣಕ್ಕೂ ಮೂಲೆಗಳಿರ್ತವೆ, ಎಲ್ಲಾ ಒಂದೇ ಅಳತೆ. ಸುಣ್ಣವಾದ್ರೆ ಬರೀ ಪುಡಿಪುಡಿ."

ಅವಳು ಹೋದ ಮೇಲೆ ಗುಂಡಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಪಕ್ಕದಲ್ಲಿ ಕೂತು ಅಂಗಿಗೆ ಕಾಜ ಹಾಕುತ್ತಿದ್ದೆ. ಒಂದನ್ನು ಬಿಚ್ಚಿ ಮತ್ತೆ ಹಾಕಿದೆ.

"ಯಾಕೆ ಸುಳ್ಳು ಹೇಳಿದೆ ಅತ್ತೆ ಹತ್ರ?"

"ಅವರು ನಿನ್ನ ರೇಗಿಸ್ತಾರಲ್ಲ."

"ರೇಗಿಸ್ಲಿ. ಅದಕ್ಕೇ ಇರೋದು ನಾದಿನಿ. ನಿನ್ನ ಮೇಲೆ ಹಾಕ್ಕೋಬೇಡ."

ಅವಳು ನನ್ನ ತೋಳಿಗೆ ತಲೆ ಒರಗಿಸಿದಳು. ಸೂಜಿ ಚುಚ್ಚೀತೆಂದು ಕೆಲಸ ಪಕ್ಕಕ್ಕಿಟ್ಟೆ.

ಫೋನು ಬಂದಾಗ ದೀಪ ಹಚ್ಚುವ ಹೊತ್ತು. ಜೋರಾಗಿ ಕೇಳುವಂತೆ ಇಟ್ಟಳು.

"ಸುಣ್ಣ ಇದೆ," ಎಂದಳು ನಾದಿನಿ. ಗುಂಡಿ ಉಸಿರು ಬಿಗಿಹಿಡಿದಳು. "ನೂಲಿದೆ, ಯಾರದೋ ಕೂದಲಿದೆ. ಅದರ ಮಧ್ಯ ಮೂಲೆಮೂಲೆಯ ಕಣಗಳು ರಾಶಿ ರಾಶಿ. ಗುಲಾಬಿ ಪುಡಿಯದ್ದೇ ಕಣೇ! ಫೋಟೋದಲ್ಲಿರೋ ನೆರಿಗೆ, ಕಾಲು ಎಲ್ಲಾ ಹೊಂದತ್ತೆ, ಹೆಸರು ಸಿಕ್ತು. ನಾಳೆ ಗೋಡೆ ಮೇಲೆ ನಿನ್ನದು."

ಗುಂಡಿ ನನ್ನ ಕೊರಳಿಗೆ ಜೋತುಬಿದ್ದಳು.

"ಇರು, ಚೀಟಿ ಬರೀಬೇಕು. ಫೋಟೋ, ನೀನು. ಪುಡಿ ತೆಗೆದಿಟ್ಟವರು ಯಾರು ಅಂತ ಬರೀಲಿ?"

"ಅಮ್ಮ ಅಂತ ಬರೀರಿ."

"ಒರೆಸಿ ಹಾಕಿದ್ದಕ್ಕಾ?"

"ಅಲ್ಲ ಅತ್ತೆ," ಎಂದಳು ಗುಂಡಿ. "ಒಗೀದೆ ಇಟ್ಟಿದ್ದಕ್ಕೆ."