ಕರುಂ ಅನ್ನದ ಸೇಬು

ನೀವು ಬೇಕಾದಷ್ಟು ಪತ್ತೇದಾರರನ್ನು ನೋಡಿರಬಹುದು. ಕಪ್ಪು ಕನ್ನಡಕದವರು, ಪಿಸ್ತೂಲಿನವರು, ಮಳೆಯಲ್ಲಿ ಕೊಡೆಯಿಲ್ಲದೆ ನಿಧಾನಕ್ಕೆ ನಡೆದು ಬರುವವರು. ಆದರೆ ಬರೀ ಮೂಗಿನಿಂದ ಕೇಸು ಬಿಡಿಸಿದವನು ಇಡೀ ಯಲಬುರ್ಗಾ ತಾಲೂಕಿಗೆ ಒಬ್ಬನೇ. ಬೇವೂರಿನ ಗವಿಸಿದ್ದೇಶ. ಅಂದರೆ ನಾನು. ಹಿನ್ನೆಲೆ ಸಂಗೀತ ನೀವೇ ಹಾಕಿಕೊಳ್ಳಿ.

ನಮ್ಮಕ್ಕ ಲಲಿತಾ ಸೇಬಿನ ಉಪ್ಪಿನಕಾಯಿ ಮಾಡುತ್ತಾಳೆ. ಗಂಗಾವತಿಯಲ್ಲಿ ಖಾನಾವಳಿ ನಡೆಸುವ ಅಮರಮ್ಮ ಯಾರದೋ ಮದುವೆ ಊಟದಲ್ಲಿ ಅದರ ರುಚಿ ಕಂಡು ಒಂದು ಮಾತು ಹೇಳಿದ್ದರು: "ಸಂತಿ ದಿನ ನಿಮ್ಮನಿಗೆ ಬರ್ತೀನವ್ವ. ನನ್ನ ಕಣ್ಮುಂದ ಮಾಡಿ ತೋರ್ಸು. ಹೋಳು ಬಾಯಾಗ ಕರುಂ ಅಂತಂದ್ರ ದಿನಾ ನನ್ನ ಖಾನಾವಳಿಗೆ ನಿಂದ ಉಪ್ಪಿನಕಾಯಿ. ಮೆತ್ತಗಿತ್ತಂದ್ರ ನಮಸ್ಕಾರ."

ಆ ಒಂದು ಕರುಂ ಸದ್ದಿನ ಮೇಲೆ ಅಕ್ಕನ ಮುಂದಿನ ಬದುಕು ನಿಂತಿತ್ತು. ಅದು ಕೇಳಿಸಿದರೆ ಕಂಡವರ ಹೊಲದಲ್ಲಿ ಬೆನ್ನು ಬಗ್ಗಿಸಿ ಕಳೆ ಕೀಳುವುದು ಬಂದ್. ಇಲ್ಲದಿದ್ದರೆ ಮತ್ತೆ ಅದೇ ಹೊಲ, ಅದೇ ಕಳೆ.

ಯಲಬುರ್ಗಾದಲ್ಲಿ ನೂರಸಾಬ ಕಾಕಾನ ಹಣ್ಣಿನ ಗಾಡಿಯ ಮುಂದೆ ಅವಳು ನಿಂತ ರೀತಿ ನೋಡಿದ್ದರೆ ಪೊಲೀಸರೂ ನಾಚುತ್ತಿದ್ದರು.

"ಕಾಕಾ, ಮ್ಯಾಲಿನ ಸಾಲು ಬ್ಯಾಡ. ಅವನ್ನ ಫೋಟೋಕ್ಕ ಕುಂದ್ರಿಸೀರಿ. ತಳದಾಗಿನವು ತಗೀರಿ."

"ಅರೇ ಬೇಟಾ, ಎಲ್ಲಾ ಒಂದ ತಾಯಿ ಮಕ್ಕಳು."

"ಹಂಗಂದ್ರ ಗ್ಯಾರಂಟಿ ಏನ್ರಿ? ನಮ್ಮನ್ಯಾಗ ನೋಡ್ರಿ. ನಾನೂ ಅದೀನಿ, ಇವನೂ ಅದಾನ," ಎಂದು ನನ್ನತ್ತ ಗದ್ದ ತೋರಿಸಿದಳು.

ಪ್ರತಿ ಹಣ್ಣನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮಿಡಿದಳು. ಬಿಗಿಯಾದ ಸದ್ದು ಬಂದರೆ ಚೀಲಕ್ಕೆ, ಬೊದ್ ಅಂದರೆ ವಾಪಸ್ ಗಾಡಿಗೆ. ಅತಿಯಾಗಿ ಹೊಳೆಯುವುದನ್ನು ಉಗುರಿನಿಂದ ಕೆರೆದು ಮೇಣ ಬಳಿದಿದ್ದಾರೇನೋ ಎಂದು ನೋಡಿದಳು. ಗಾತ್ರಕ್ಕೆ ತಕ್ಕ ಭಾರ ಇಲ್ಲದ್ದನ್ನು ಮುಟ್ಟಲೇ ಇಲ್ಲ.

ಕಾಕಾ ಸೋತು ಕೇಳಿದ: "ಸೇಬು ಆರಸಾಕತ್ತೀಯೋ, ಗಂಡನ್ನ ಆರಸಾಕತ್ತೀಯೋ?"

"ಗಂಡ ಮೆತ್ತಗಿದ್ರ ನಡೀತೈತಿ ಕಾಕಾ. ಸೇಬು ನಡೆಯಂಗಿಲ್ಲ."

ಮನೆಗೆ ಬಂದು ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿ, ಗಡಿಗೆಯಲ್ಲಿ ಜೋಡಿಸಿ, ಆ ಗಡಿಗೆಯನ್ನು ನೀರು ಚಿಮುಕಿಸಿದ ಉಸುಕಿನಲ್ಲಿ ಕೂರಿಸಿದಳು. ಅಡಿಗೆಮನೆಯ ಬಾಳೆಹಣ್ಣಿನ ಚಿಪ್ಪನ್ನು ಅಟ್ಟಕ್ಕೆ ಗಡೀಪಾರು ಮಾಡಿದಳು. ಬಾಳೆಹಣ್ಣಿನ ಪಕ್ಕ ಇದ್ದರೆ ಸೇಬು ಬೇಗ ಮೆತ್ತಗಾಗುತ್ತದಂತೆ.

"ಲೇ ಗವಿ, ಇದಕ್ಕ ಕೈ ಹಚ್ಚಿದಿ ಅಂದ್ರ ಕೈ ಮುರೀತೀನಿ."

ಈ ಬೆದರಿಕೆಗೆ ಕಾರಣ ಇತ್ತು. ಹೋದ ತಿಂಗಳು ಬೆಲ್ಲದ ಡಬ್ಬಿಯಲ್ಲಿ ಇಟ್ಟಿಗೆಯ ಚೂರು ಇಟ್ಟವನು ನಾನೇ.

ಸಂತೆಯ ದಿನ ಬೆಳಿಗ್ಗೆ ಅಕ್ಕ ಗಡಿಗೆಯ ಮುಚ್ಚಳ ತೆಗೆದಳು. ಒಳಗೆ ಪೇಪರು ಇತ್ತು. ಸೇಬು ಇರಲಿಲ್ಲ.

"ಎಲ್ಲಿಟ್ಟಿ?"

"ದೇವರಾಣಿ ಅಕ್ಕಾ, ನಾ ಮುಟ್ಟಿಲ್ಲ."

"ನಿನ್ನ ಆಣಿ ಕೇಳಿ ಕೇಳಿ ದೇವ್ರ ರಜಾ ಹಾಕಿ ಹೋಗ್ಯಾನ. ಬಾಯಿ ತಗಿ."

ನನ್ನ ಬಾಯಿ ಮೂಸಿದಳು. ಹಾಸಿಗೆ ಕೊಡವಿದಳು. ಕಾಲೇಜಿನ ಬ್ಯಾಗು ತಲೆಕೆಳಗಾಯಿತು. ನಾನೂ ಬಿಡಲಿಲ್ಲ, ಸಂಶಯವನ್ನು ಊರ ತುಂಬ ಹಂಚಿದೆ.

"ಮೊನ್ನೆ ನೂರಸಾಬ ಕಾಕಾ ಗಾಡಿ ತಗೊಂಡು ನಮ್ಮ ಓಣಿಗೆ ಯಾಕ ಬಂದಿದ್ದ? ಕೊಟ್ಟ ಮಾಲು ವಾಪಸ್ ಒಯ್ದಿರಬೇಕು. ಇಲ್ಲಾಂದ್ರ ಬಾಜೂ ಮನಿ ಆಡು. ಈ ವಾರ ಭಾಳ ದಪ್ಪ ಆಗೇತಿ."

"ಆಡು ಬಂದು ಮುಚ್ಚಳ ತಗದು, ಪೇಪರ ಬಿಚ್ಚಿ, ಹಣ್ಣು ತಿಂದು, ಮತ್ತ ಮುಚ್ಚಿ ಹೋತೇನು?"

"ಕಲಿತ ಆಡು ಇರಬೇಕು."

ಒಂದು ಏಟು ಬಿತ್ತು. ಅಕ್ಕನ ಕಣ್ಣಲ್ಲಿ ನೀರಿತ್ತು, ಹಾಗಾಗಿ ನಾನು ತಿರುಗಿ ಡೈಲಾಗ್ ಹೊಡೆಯಲಿಲ್ಲ.

ಇಷ್ಟೆಲ್ಲಾ ನಡೆದರೂ ನಮ್ಮ ಆಯಿ ಕರಿಯವ್ವ, ಅಪ್ಪನ ತಾಯಿ, ಕೂತಲ್ಲಿಂದ ಅಲುಗಿರಲಿಲ್ಲ. ಮೂಲೆಯ ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಚಹಾಕ್ಕೂ ಎದ್ದಿರಲಿಲ್ಲ. ಚಹಾಕ್ಕೆ ಏಳದ ಆಯಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಆಗ ನನ್ನ ಎಂಟ್ರಿ. ಎರಡೂ ಕೈ ಸೊಂಟಕ್ಕಿಟ್ಟು, ಮೂಗು ಎತ್ತಿ, ಮನೆಯ ಗಾಳಿಯನ್ನೆಲ್ಲ ಎಳೆದೆ.

"ಕಳ್ಳ ಬಾಗಿಲಾ ಮುಚ್ಚಬಹುದು, ಕಿಡಕಿ ಮುಚ್ಚಬಹುದು. ವಾಸನಿ ಮುಚ್ಚಾಕ ಇನ್ನೂ ಬೀಗ ಹುಟ್ಟಿಲ್ಲ! ಆಯಿ, ಸ್ವಲ್ಪ ಸರಿ."

ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದೆ. ಮೊದಲು ಕಪ್ಪಗಾದ ಬಾಳೆಹಣ್ಣು ಬಂತು. ಆಮೇಲೆ ಒಂದೊಂದಾಗಿ ಸೇಬು. ಅಕ್ಕ ಒಂದನ್ನು ಕಸಿದು ಕಿವಿಯ ಹತ್ತಿರ ಮಿಡಿದಳು. ಬೊದ್. ಹೆಬ್ಬೆರಳು ಒತ್ತಿದರೆ ಸಿಪ್ಪೆ ಒಳಗೆ ಕುಸಿಯಿತು.

"ಕಾಯಿ ಇದ್ದವಲ್ಲ ತಂಗಿ," ಆಯಿ ಸಣ್ಣ ದನಿಯಲ್ಲಿ ಹೇಳಿದಳು. "ಕಲ್ಲಿನಂಗ ಇದ್ದವು. ಬಂದಾಕಿ ಮುಂದ ಕಾಯಿ ಹೆಚ್ಚಿಟ್ರ ನಿನ್ನ ಮಾನ ಏನಾಗಬೇಕು? ಅದಕ್ಕ ಹಣ್ಣಿಗೆ ಹಾಕಿದ್ನಿ. ಚಲೋ ಹಣ್ಣಾದ ಮ್ಯಾಲ ಗಡಿಗ್ಯಾಗ ಇಟ್ರಾತು ಅಂತ."

ಆಯಿಯ ಲೆಕ್ಕದಲ್ಲಿ ತಪ್ಪೇನಿಲ್ಲ. ಮಾವು, ಸೀತಾಫಲ, ಬಾಳೆ ಎಲ್ಲ ನಮ್ಮ ಮನೆಗೆ ಗಟ್ಟಿಯಾಗಿಯೇ ಬರುತ್ತವೆ, ಜೋಳದಲ್ಲಿ ಹುಗಿದರೆ ಹಣ್ಣಾಗುತ್ತವೆ. ಗಟ್ಟಿ ಇದ್ದದ್ದು ಕಾಯಿ, ಮೆತ್ತಗಿದ್ದದ್ದು ಹಣ್ಣು.

"ಅದು ಕಾಯಿ ಅಂತ ನಿನಗ ಯಾರು ಹೇಳಿದ್ರು?"

ಆಯಿಯ ಕಣ್ಣು ಒಂದು ಕ್ಷಣ ನನ್ನತ್ತ ಬಂದು ಜಂತೆಗೆ ಹೋಯಿತು. "ಯಾರ್ ಹೇಳ್ತಾರವ್ವ. ನನ್ನ ಹಾಳ ಬುದ್ಧಿಗೆ ಹೊಳೀತು."

ಹೊರಗೆ ಆಟೋ ನಿಂತ ಸದ್ದಾಯಿತು. ಅಮರಮ್ಮ.

ಅಕ್ಕ ಏನೂ ಮುಚ್ಚಿಡಲಿಲ್ಲ. ಕುಸಿದ ಸೇಬನ್ನು ತೋರಿಸಿದಳು. "ಉಪ್ಪಿನಕಾಯಿ ಆಗಂಗಿಲ್ರೀ ಇವತ್ತ. ಬಂದೀರಿ, ಬಾಯಿ ಸಿಹಿ ಮಾಡ್ಕೊಂಡ ಹೋಗ್ರಿ." ಸೇಬು ಕಿವುಚಿ, ಬೆಲ್ಲ ಹಾಕಿ, ಒಲೆಯ ಮೇಲೆ ತಿರುವುತ್ತ ಕೂತಳು. ಬೆಲ್ಲ ಪಾಕವಾಗಿ ಬಣ್ಣ ತಿರುಗಿದಾಗ ಏಲಕ್ಕಿ, ಲವಂಗ ಕುಟ್ಟಿ ಹಾಕಿದಳು. ಮಾವಿನಕಾಯಿಯಲ್ಲಿ ಮಾಡುವ ಗುಳಂಬವನ್ನು ಸೇಬಿನಲ್ಲಿ ಮಾಡಿದಳು, ಅಷ್ಟೇ.

ಅಮರಮ್ಮ ಬೆರಳಿನಿಂದ ನೆಕ್ಕಿ, "ಕರುಂ ಅನ್ನಲಿಲ್ಲ," ಎಂದರು. ಮತ್ತೊಮ್ಮೆ ಬೆರಳು ಅದ್ದಿದರು. "ಚಪಾತಿ ಅದಾವೇನು?"

ಎರಡು ಚಪಾತಿ ಮುಗಿದವು. ಆಮೇಲೆ ಕೈ ತೊಳೆದು ಹೇಳಿದರು: "ಇದು ಹಬ್ಬಕ್ಕ ಚಲೋ, ಆವಾಗ ತರ್ಸತೀನಿ. ದಿನದ ಊಟಕ್ಕ ನನಗ ಬೇಕಾದ್ದು ಉಪ್ಪಿನಕಾಯಿ. ಮುಂದಿನ ಸಂತಿಗೆ ಮತ್ತ ಬರ್ತೀನಿ. ಆಗೂ ಮೆತ್ತಗಿದ್ರ ನನಗ ಬ್ಯಾರೇ ಮನಿ ಗೊತ್ತೈತಿ."

ಮರುದಿನ ಅಕ್ಕ ಮತ್ತೆ ಕಳೆ ಕೀಳಲು ಹೋದಳು. ನಾನು ಮಾತ್ರ ಓಣಿಯ ತುಂಬ ನನ್ನ ಮೂಗಿನ ಕಥೆ ಹೇಳುತ್ತ ತಿರುಗಿದೆ.

ನಿನ್ನೆ ಹೊಸ ಸೇಬು ಬಂದವು. ಅಕ್ಕ ಪೇಪರು ಸುತ್ತುತ್ತಿದ್ದಳು. ಆಯಿ ಒಂದನ್ನು ಒತ್ತಿ ನೋಡಿ ನನ್ನನ್ನು ಕೇಳಿದಳು: "ಲೇ ಗವಿ, ಇವು ಹಣ್ಣೋ, ಕಾಯೋ? ಈ ಸಲನರ ಖರೇ ಹೇಳು."

ಅಕ್ಕನ ಕೈ ನಿಂತಿತು. "ಈ ಸಲನರ ಅಂದ್ರೇನು ಆಯಿ?"

ಆಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಅಕ್ಕ ಆಗಲೇ ನನ್ನ ಕಡೆ ತಿರುಗಿದ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ.

ಮೊದಲ ಸಲ ಸೇಬು ತಂದ ದಿನವೂ ಆಯಿ ಹೀಗೇ ಒತ್ತಿ ಕೇಳಿದ್ದಳು. ನಾನು ದೊಡ್ಡ ಡಾಕ್ಟರನ ಗತ್ತಿನಲ್ಲಿ, "ಪಕ್ಕಾ ಕಾಯಿ ಆಯಿ. ಅಮರಮ್ಮ ಕಡದ್ರ ಹಲ್ಲು ಮುರೀತಾವ, ಅಕ್ಕನ ಕೆಲಸಾನೂ ಹೋತು!" ಅಂದಿದ್ದೆ. ಸಾಲಿ ಕಲಿತ ಮೊಮ್ಮಗ ಹೇಳಿದ್ದು, ನಂಬಿದಳು. ಅಟ್ಟದ ಬಾಳೆಹಣ್ಣು ಮಾಯವಾದಾಗಲೇ ಅವೂ ಸೇಬೂ ಎಲ್ಲಿಗೆ ಹೋದವು ಎಂದು ನನಗೆ ಗೊತ್ತಾಗಿತ್ತು. ಮಜಾ ಎಲ್ಲಿಗೆ ಮುಟ್ಟುತ್ತದೆ ನೋಡೋಣ ಎಂದು ಸುಮ್ಮನಿದ್ದೆ.

ಮೂಗು? ಆ ವಾರ ಪೂರ್ತಿ ನನಗೆ ನೆಗಡಿ. ಎದುರಿಗೆ ಕರ್ಪೂರ ಹಚ್ಚಿದ್ದರೂ ವಾಸನೆ ಹತ್ತುತ್ತಿರಲಿಲ್ಲ.