ಕೆಂಪು ದಾರ ಕಟ್ಟಿದ ಆರು ಗಿಡ

ಚಳಿಗಾಲ ದಾಟಿಸಲು ಗುಲಾಬಿ ಗಿಡ ಹೂಳುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅಮೆರಿಕದ ಉತ್ತರದಂಚಿನಲ್ಲಿ, ಸರೋವರದ ದಡದ ಊರಾದ ಡುಲುತ್‌ನ ಗುಡ್ಡದ ಮೇಲಿನ ಆ ಬೀದಿಯಲ್ಲಿ ಇದು ಮಕ್ಕಳಿಗೂ ಗೊತ್ತು. ಅಕ್ಟೋಬರ್ ಮಧ್ಯದಲ್ಲಿ, ನೆಲ ಕಲ್ಲಾಗುವ ಮೊದಲು, ಕೊಂಬೆಗಳನ್ನೆಲ್ಲ ಕೂಡಿಸಿ ದಾರದಿಂದ ಬಿಗಿಯಬೇಕು. ಮಗ್ಗುಲಲ್ಲಿ ಕಂದಕ ತೋಡಬೇಕು. ಒಬ್ಬರು ಸಲಿಕೆ ಹಾಕಿ ಬುಡ ಸಡಿಲಿಸುತ್ತಿದ್ದರೆ ಇನ್ನೊಬ್ಬರು ಗಿಡವನ್ನು ಹಿಡಿದು, ಸೊಂಟ ಮುರಿದವರನ್ನು ಮಲಗಿಸುವ ಹಾಗೆ, ಮೆಲ್ಲಗೆ ಒರಗಿಸಬೇಕು. ಮೇಲೆ ಮಣ್ಣು, ಅದರ ಮೇಲೆ ತರಗೆಲೆ, ಅದರ ಮೇಲೆ ದೇವರು ಕೊಟ್ಟಷ್ಟು ಹಿಮ. ಏಪ್ರಿಲ್‌ನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಬೇಕು. ಅದಕ್ಕೂ ಇಬ್ಬರು ಬೇಕು.

ಆರ್ಲಿಸ್ ಮತ್ತು ಅವಳ ಗಂಡ ವರ್ಲಿನ್ ಇಪ್ಪತ್ತಾರು ವರ್ಷ ಹಾಗೇ ಮಾಡಿದ್ದರು. ಇಪ್ಪತ್ತೆರಡು ಗಿಡ. ಇಪ್ಪತ್ತೇಳನೆಯ ವರ್ಷದ ಸೆಪ್ಟೆಂಬರ್‌ನಲ್ಲಿ, ಗಿಡಗಳು ಎರಡನೇ ಸುತ್ತು ಹೂ ಬಿಟ್ಟಾಗ, ವರ್ಲಿನ್ ಎರಡು ಸೂಟ್‌ಕೇಸ್ ಹಿಡಿದು ಊರಾಚೆ ಡಾರ್ಲಾಳ ಮನೆಗೆ ಹೋದ. ಚರ್ಚಿನಲ್ಲಿ ಅವನ ಪಕ್ಕ ನಿಂತು ಹಾಡುತ್ತಿದ್ದವಳು ಡಾರ್ಲಾ. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿ ಕಾಲೆಳೆದುಕೊಂಡು ಬಂದ ಆರ್ಲಿಸ್‌ಗೆ ಊಟದ ಮೇಜಿನ ಮೇಲೆ ಚೀಟಿ ಸಿಕ್ಕಿತು. ಗೊಬ್ಬರದ ಚೀಲ ಎಲ್ಲಿದೆ ಅನ್ನುವುದನ್ನೂ ಅದರಲ್ಲೇ ಬರೆದಿದ್ದ.

ಅಕ್ಟೋಬರ್‌ನಲ್ಲಿ, ಕರೆಯದೆಯೇ, ಕೈಗವಸು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಇಬ್ಬರು ಬೇಕಲ್ವಾ," ಅಂದ. "ಗಿಡಗಳದ್ದೇನು ತಪ್ಪು ಇದರಲ್ಲಿ?"

"ತಪ್ಪು ಯಾರ್ದು ಅಂತ ನಾನು ಕೇಳಿದ್ನಾ? ಬೂಟು ಒರೆಸ್ಕೊಂಡು ಬಾ, ಕಾಫಿ ಇದೆ."

ದಿನವಿಡೀ ದುಡಿದರು. ಅವನು ಸಲಿಕೆ ಒತ್ತಿದ, ಅವಳು ಹಿಡಿದಳು. "ಹಿಡ್ಕೋ," "ಸಾಕು," "ಬಿಡು": ಹಿಂದೆಯೂ ಅವರ ನಡುವೆ ಇದಕ್ಕಿಂತ ಹೆಚ್ಚು ಮಾತೇನೂ ಇರಲಿಲ್ಲ. ಕೆಲವು ಗಿಡಗಳಿಗೆ ಅವನು ಜೇಬಿನಿಂದ ಕೆಂಪು ದಾರ ತೆಗೆದು ಕಟ್ಟಿದ.

"ಸೆಣಬಿನ ದಾರ ಮುಗೀತಾ?"

"ಇದೂ ಖಾಲಿಯಾಗ್ಲಿ ಅಂತ."

ಹೋಗುವಾಗ ಗಾಡಿಯ ಕಿಟಕಿ ಇಳಿಸಿ ಹೇಳಿದ: "ಏಪ್ರಿಲ್‌ಗೆ ಎಬ್ಬಿಸೋಕೆ ಬರ್ತೀನಿ. ಒಬ್ಬಳೇ ಕೈ ಹಾಕ್ಬೇಡ, ಮುರಿದುಬಿಡ್ತೀಯ."

ಆ ಒಂದು ಮಾತನ್ನು ಹೊದ್ದುಕೊಂಡು ಆರ್ಲಿಸ್ ಚಳಿಗಾಲ ಕಳೆದಳು. ವಾಪಸು ಬರುವ ಮನಸ್ಸಿಲ್ಲದವನು ಗಿಡ ಮಲಗಿಸಲು ಯಾಕೆ ಬರುತ್ತಾನೆ? ಡಿಸೆಂಬರ್‌ನಲ್ಲಿ ವಿಚ್ಛೇದನದ ಕಾಗದ ಬಂತು. ಸಹಿ ಮಾಡದೆ ಹಿಟ್ಟಿನ ಡಬ್ಬಿಯಡಿ ಸೇರಿಸಿದಳು. ಜನವರಿಯಲ್ಲಿ ಸರೋವರದ ದಡದ ನೀರು ಹೆಪ್ಪುಗಟ್ಟಿದಾಗ, ದಾರಿಯ ಹಿಮವನ್ನು ಎತ್ತಿ ಎತ್ತಿ ಗಿಡಗಳ ಮೇಲೆ ಸುರಿದಳು. ಹಿಮ ದಪ್ಪವಿದ್ದಷ್ಟೂ ಬೇರಿಗೆ ಬೆಚ್ಚಗೆ.

"ಗಿಡ ಹೂಳೋಕೆ ಬಂದೋನು ಸೂಟ್‌ಕೇಸ್ ತಂದಿದ್ನಾ?" ಎಂದು ಅಕ್ಕ ಮಿರ್ನಾ ಫೋನಿನಲ್ಲಿ ಚುಚ್ಚಿದಳು. "ಇಲ್ಲ ತಾನೆ? ಸಹಿ ಹಾಕಿ ಬಿಸಾಕು."

"ಏಪ್ರಿಲ್ ಆಗ್ಲಿ," ಅಂದಳು ಆರ್ಲಿಸ್.

ಏಪ್ರಿಲ್ ಆಯಿತು. ಹೇಳಿದ ಹಾಗೇ, ಒಂದು ಶನಿವಾರ ವರ್ಲಿನ್ ಬಂದ. ಅವನು ಬಿಟ್ಟುಹೋಗಿದ್ದ ದಪ್ಪ ಅಂಗಿಯನ್ನು ಅವಳು ಒಗೆದು ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಅವನು ಒಳಗೆ ಬರಲಿಲ್ಲ. ನೇರ ಗಿಡಗಳತ್ತ ನಡೆದ. ಅವನ ಗಾಡಿಯ ಹಿಂದೆ ನೆನೆಸಿದ ಗೋಣಿಚೀಲಗಳಿದ್ದವು.

ಮೊದಲು ಕೆಂಪು ದಾರದ ಗಿಡದ ಮಣ್ಣು ಸರಿಸಿದ. "ಹಿಡ್ಕೋ," ಅಂದ. ಅವಳು ಹಿಡಿದಳು. ಗಿಡವನ್ನು ನಿಲ್ಲಿಸಲಿಲ್ಲ ಅವನು. ಬೇರಿನ ಮುದ್ದೆ ಸಮೇತ ಮೇಲೆತ್ತಿ ಗೋಣಿಯಲ್ಲಿ ಸುತ್ತಿದ.

"ಇದೇನು?"

"ಇವು ನಂದು. ಅವತ್ತೇ ಗುರುತು ಮಾಡಿದ್ನಲ್ಲ. ಆರೇ ಆರು. ನಿನಗೆ ಹದಿನಾರು ಬಿಟ್ಟಿದೀನಿ ಕಣೆ, ಅನ್ಯಾಯ ಅಂತ ಯಾರೂ ಅನ್ನೋ ಹಾಗಿಲ್ಲ."

"ಅಕ್ಟೋಬರ್‌ನಲ್ಲೇ ಗುರುತು ಮಾಡಿದ್ಯಾ?"

"ಆಗ ಕಿತ್ತು ನೆಟ್ಟಿದ್ರೆ ಬದುಕ್ತಿತ್ತಾ? ನಿನಗೆ ಗೊತ್ತಿಲ್ಲದ್ದಾ?"

ಗೊತ್ತಿತ್ತು. ಹೊಸ ಮಣ್ಣಿನಲ್ಲಿ ಬೇರೂರದ ಗಿಡ ಇಲ್ಲಿನ ಜನವರಿ ದಾಟುವುದಿಲ್ಲ. ಅದಕ್ಕೇ ಒಂದು ಚಳಿಗಾಲ ಅವಳ ಹಿತ್ತಲಲ್ಲಿ, ಅವಳು ಹೊತ್ತು ಹಾಕಿದ ಹಿಮದಡಿ ಕಾಪಾಡಿಸಿಕೊಂಡ. ಆರೂ ಹಿತ್ತಲಿನ ಆಯ್ದ ಗಿಡಗಳು. ಬಿಟ್ಟುಬಿಡಬೇಕೆಂದು ಮನಸ್ಸು ಹೇಳಿತು. ಇಪ್ಪತ್ತಾರು ವರ್ಷದ ಕೈ ಕೇಳಲಿಲ್ಲ. ಆರನೆಯದು ಗೋಣಿ ಸೇರುವವರೆಗೂ ಹಿಡಿದೇ ಇತ್ತು.

ಆಮೇಲೆ ಉಳಿದ ಹದಿನಾರನ್ನೂ ಅವನೇ ಎಬ್ಬಿಸಿ ನಿಲ್ಲಿಸಿದ. ಮಾತಿಗೆ ತಪ್ಪುವವನಲ್ಲ ವರ್ಲಿನ್. ಬೈಯಲು ಅವಳಿಗೆ ಅಷ್ಟು ಜಾಗವನ್ನೂ ಬಿಡಲಿಲ್ಲ. ಅವನ ಗಾಡಿ ಇಳಿಜಾರು ಇಳಿದ ಮೇಲೆ ಅವಳು ಒಳಗೆ ಹೋಗಿ, ಕೈಯ ಮಣ್ಣೂ ತೊಳೆಯದೆ ಹಿಟ್ಟಿನ ಡಬ್ಬಿ ಎತ್ತಿ, ಕಾಗದಕ್ಕೆ ಸಹಿ ಹಾಕಿದಳು.

ಬೇಸಿಗೆಯಲ್ಲಿ ಹದಿನಾರು ಗಿಡ ಹೂ ಬಿಟ್ಟವು. ಆರು ಗುಂಡಿಗಳನ್ನು ಅವಳು ಮುಚ್ಚಲಿಲ್ಲ. ಮಳೆ ಬಂದಾಗ ಅವುಗಳಲ್ಲಿ ನೀರು ನಿಲ್ಲುತ್ತಿತ್ತು.

ಅಕ್ಟೋಬರ್‌ನಲ್ಲಿ ಅವನ ಫೋನು ಬಂತು.

"ನಾಳೆಯಿಂದ ನೆಲ ಹೆಪ್ಪುಗಟ್ಟುತ್ತಂತೆ. ಡಾರ್ಲಾಗೆ ಬೆನ್ನು ಬಗ್ಗೋದಿಲ್ಲ. ನೀನು ಬಂದು ಆ ಆರನ್ನ ಹಿಡ್ಕೊಂಡ್ರೆ ಒಂದು ಗಂಟೆ ಕೆಲಸ. ಆಮೇಲೆ ನಿನ್ನವಕ್ಕೂ ನಾನು ಬರ್ತೀನಿ."

ಈ ಸಲವೂ ಲೆಕ್ಕ ಸರಿಯಾಗಿಯೇ ಇತ್ತು.

"ಕೆಂಪು ದಾರ ಉಳಿದಿದೆಯಾ?" ಎಂದು ಕೇಳಿದಳು.

"ಇದೆ, ಯಾಕೆ?"

"ಅದ್ರಲ್ಲೇ ಕೊಂಬೆ ಕಟ್ಟಿಡು. ಡಾರ್ಲಾಗೆ ಒಂದು ಕುರ್ಚಿ ಹಾಕಿಕೊಡು, ಕೂತ್ಕೊಂಡು ಹಿಡ್ಕೊಳ್ಳಲಿ. ಹಾಡ್ತಾನೂ ಹಿಡೀಬಹುದು."

ಫೋನಿಟ್ಟು ಹಿತ್ತಲಿಗೆ ಹೋದಳು. ಎರಡೂ ಕೈಯಲ್ಲಿ ಸಲಿಕೆ ಒತ್ತಿ, ಮೊಣಕಾಲಿನಿಂದ ಗಿಡವನ್ನು ತಳ್ಳಿ ತಳ್ಳಿ ಒರಗಿಸಿದಳು. ಮುಳ್ಳು ಪ್ಯಾಂಟು ಹರಿದು ಚರ್ಮಕ್ಕಿಳಿಯಿತು. ಸಂಜೆಯ ಹೊತ್ತಿಗೆ ಹದಿನೈದು ಹೇಗೋ ಮಲಗಿದವು. ಹದಿನಾರನೆಯದು ಮನೆ ಕೊಂಡ ವರ್ಷ ನೆಟ್ಟದ್ದು, ಬುಡ ಮಣಿಕಟ್ಟಿನಷ್ಟು ದಪ್ಪ. ಅರ್ಧ ಬಾಗಿ ನಿಂತಿತು. ಇನ್ನೂ ಸ್ವಲ್ಪ ತಳ್ಳಿದಳು. ಲಟಕ್ಕೆಂದು ಬುಡದಲ್ಲೇ ಮುರಿಯಿತು.

ಮುರಿದುಬಿಡ್ತೀಯ ಅಂದಿದ್ದ. ಅದೂ ಅವನು ಹೇಳಿದ ಹಾಗೇ ಆಯಿತು.

ಮುರಿದದ್ದನ್ನೂ ಕಂದಕದಲ್ಲಿ ಉಳಿದವುಗಳ ಸಾಲಿಗೇ ಮಲಗಿಸಿದಳು. ಏಪ್ರಿಲ್‌ನಲ್ಲಿ ಏಳುವುದಿಲ್ಲ ಎಂದು ಗೊತ್ತಿದ್ದೂ ಅದರ ಮೇಲೂ ಅಷ್ಟೇ ಮಣ್ಣು, ಅಷ್ಟೇ ಎಲೆ ಹಾಕಿದಳು.