ರೈಟರನ ಕೆಂಪು ರೆಪ್ಪೆ

ಮಾದಾಪುರದ ನಮ್ಮ ಎಸ್ಟೇಟಿಗೆ ನುಗ್ಗಿದ ಒಂಟಿ ಸಲಗವನ್ನು ನಾನು ಮೂರು ಹಗಲು ಮೂರು ರಾತ್ರಿ ರೆಪ್ಪೆ ಬಡಿಯದೆ ದಿಟ್ಟಿಸಿದೆ. ಕೊನೆಗೆ ಅದೇ ನಾಚಿ, ಸೊಂಡಿಲಿನಿಂದ ಮುಖ ಮುಚ್ಚಿಕೊಂಡು ಕಾಡಿಗೆ ಹೋಯಿತು. ನನ್ನ ರೆಪ್ಪೆಯ ಅಂಚು ಕೆಂಪಗೆ ಊದಿಕೊಂಡದ್ದು ಆ ಯುದ್ಧದಲ್ಲೇ. ಕಾಫಿ ಪಿಕ್ಕಿಂಗಿನ ಹೆಂಗಸರಿಗೆ ಹಾಗೆಂದೇ ಹೇಳಿದ್ದೆ. ರೈಟರ್ ಅಂದರೆ ಸುಮ್ಮನೆಯೇ? ಹಾಜರಿ ಕರೆಯುವವನು, ಯಾರಿಗೆ ಕೆಲಸ ಉಂಟು, ಯಾರಿಗಿಲ್ಲ ಎನ್ನುವವನು ನಾನು. ಬೆಳಿಗ್ಗೆ ಎದ್ದರೆ ರೆಪ್ಪೆಗೂದಲು ಪಿಸುರು ಕಟ್ಟಿ ಅಂಟಿಕೊಂಡಿರುತ್ತಿತ್ತು, ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಅದನ್ನು ಮಾತ್ರ ಯಾರಿಗೂ ಹೇಳದೆ ಕಪ್ಪು ಕನ್ನಡಕ ಏರಿಸಿದೆ.

ಅಷ್ಟರಲ್ಲಿ ಕೂಲಿಯವರ ಲೈನುಮನೆಯ ಚೋಮಿ ಕೆಂಪು ಕಣ್ಣು ಮಾಡಿಕೊಂಡು ಕೆಲಸಕ್ಕೆ ಬಂದಳು.

"ಮದ್ರಾಸ್ ಐ! ಹೋಗು ಮನೆಗೆ. ಎಲ್ಲರಿಗೂ ಅಂಟಿಸ್ತೀಯಾ?"

ನನ್ನ ಗದರಿಕೆ ಸೋಮವಾರಪೇಟೆವರೆಗೂ ಕೇಳಿರಬೇಕು. ಕಾಫಿ ಹಣ್ಣು ಗಿಡದಿಂದ ಉದುರುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಅವಳ ಕೂಲಿ ನಿಂತಿತು. ಲೈನಿನ ನಲ್ಲಿಯ ಹತ್ತಿರವೂ ಯಾರೂ ಅವಳನ್ನು ಬಿಟ್ಟುಕೊಳ್ಳಲಿಲ್ಲ.

ನನ್ನ ರೆಪ್ಪೆ ತೀರಾ ಹದಗೆಟ್ಟ ಮೇಲೆ ಆಸ್ಪತ್ರೆಗೆ ಹೋದೆ. ನೋಡಿದರೆ, ಬೆಂಚಿನ ಮೇಲೆ ಚೋಮಿ!

"ಏನ್ ರೈಟ್ರೇ, ಆನೆ ಪುನಃ ಬಂತಾ?"

ಕೂತವರೆಲ್ಲ ಕಿಸಕ್ಕನೆ ನಕ್ಕರು. ಡಾಕ್ಟರ್ ದಿವ್ಯಶ್ರೀ ನಮ್ಮಿಬ್ಬರನ್ನೂ ಒಟ್ಟಿಗೇ ಒಳಗೆ ಕರೆದು ಟಾರ್ಚ್ ಬಿಟ್ಟು ನೋಡಿದರು.

"ಇಬ್ಬರದ್ದೂ ಒಂದೇ, ರೆಪ್ಪೆ ಅಂಚಿನ ಉರಿಯೂತ. ಅಲ್ಲಿನ ಎಣ್ಣೆ ಕಟ್ಟಿಕೊಳ್ಳುತ್ತೆ, ತಲೆಹೊಟ್ಟಿನ ಹಾಗೆ ಹೊಟ್ಟು ಕೂರುತ್ತೆ. ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ದಿನಾ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆ ಮುಚ್ಚಿದ ಕಣ್ಣ ಮೇಲೆ ಸ್ವಲ್ಪ ಹೊತ್ತು ಇಡಿ, ಆಮೇಲೆ ಅಂಚನ್ನ ಮೆಲ್ಲಗೆ ಒರೆಸಿ. ಉಜ್ಜಬೇಡಿ. ಚೋಮಿ, ಸದ್ಯಕ್ಕೆ ಕಣ್ಣಿಗೆ ಕಾಡಿಗೆ ಹಚ್ಚೋದು ಬೇಡ. ವಾಸಿಯಾಯ್ತು ಅಂತ ಒರೆಸೋದು ಬಿಟ್ರೆ ಮತ್ತೆ ಬರುತ್ತೆ. ಜಯಪ್ರಕಾಶ್, ನಿಮಗೆ ಯಾವಾಗಿಂದ?"

"ಅದು... ಮೊನ್ನೆ ಮೊನ್ನೆ..."

"ಹುತ್ತರಿ ಹಬ್ಬಕ್ಕೆ ಮೊದ್ಲೇ ಕನ್ನಡಕ ಬಂದಿತ್ತಲ್ಲ ರೈಟ್ರೇ," ಎಂದಳು ಚೋಮಿ. "ನನಗಿಂತ ಮುಂಚೆ ನಿಮ್ಗೇ ಆದದ್ದು. ಮತ್ತೆ ನನ್ನನ್ನ ಮಾತ್ರ ಯಾಕೆ ಕಳ್ಸಿದ್ದು?"

ಹುಟ್ಟಿದಾರಭ್ಯ ಮಾತಿಗೆ ತಡವರಿಸದ ಬಾಯಿ ನನ್ನದು. ಈ ಸಲ ಆನೆಯನ್ನು ಎಳೆದು ತರಲಿಲ್ಲ. "ತಪ್ಪಾಯ್ತು ಚೋಮಿ," ಎಂದೆ.

"ನನ್ ಹತ್ರ ಮಾತ್ರ ಹೇಳಿದ್ರೆ ಆಗ್ಲಿಲ್ಲ. ನಲ್ಲಿ ಹತ್ರ ಬಿಡದವ್ರಿಗೆ ಹೇಳಿ."

ಮರುದಿನ ಬೆಳಿಗ್ಗೆ ಹಾಜರಿಗೆ ನಿಂತವರೆದುರು ಕನ್ನಡಕ ತೆಗೆದೆ. ತಲೆ ಎತ್ತಲಾಗಲಿಲ್ಲ.

"ಚೋಮಿಗಿರೋದು ಅಂಟೋ ರೋಗ ಅಲ್ಲ. ನಂಗೂ ಅದೇ, ನಂಗೇ ಮೊದ್ಲು ಆದದ್ದು. ಅವಳ ಕಣ್ಣು ನೋಡ್ದವ್ರು ನನ್ನ ಕಣ್ಣೂ ನೋಡ್ತಾರಲ್ಲ ಅಂತ ಹೆದರಿ ಅವಳನ್ನ ಓಡಿಸ್ದೆ."